ಇನ್ನೂರ ಐದು

ಬೆಂಡಿಗೋದ ಆರೈಕೆ ಮನೆಯ ಹನ್ನೊಂದನೇ ಕೋಣೆಯಲ್ಲಿ
ರಾತ್ರಿ ಒಂಬತ್ತೂವರೆಗೆ
ಗೋರಿ ಅಗೆಯುವುದು ಶುರುವಾಗುತ್ತದೆ.

ಟೀವಿಯೊಳಗೆ ಮೂವರು:
ಒಬ್ಬನಿಗೆ ಮಣ್ಣು ಮೂಸಿ ಅರಮನೆ ಹೇಳುವ ಮೂಗು,
ಒಬ್ಬಳಿಗೆ ಕಲ್ಲಿನ ಬೀಗ ಬಿಡಿಸುವ ಬೆರಳು,
ಮೂರನೆಯವನಿಗೆ ಬರೀ ಸಾಲ.
ಯಾವುದೋ ರಾಜವಂಶ, ಯಾವುದೋ ಗುಡ್ಡ,
ಸೊಂಟಕ್ಕೆ ಹಗ್ಗ, ಗಾಳಿಗೆ ಹೊಯ್ದಾಡುವ ಕಂದೀಲು.

ಡೆಸ್ಮಂಡ್ ಲಮ್ ಅವರಿಗೆ ಚೀನೀ ಬಾರದು.
ಮೂರು ತಲೆಮಾರು ಈ ಊರಲ್ಲೇ ಹುಟ್ಟಿ
ಟೊಮೇಟೊ ಬೆಳೆದು, ಟ್ರಾಮಿನ ಬ್ರೇಕು ರಿಪೇರಿ ಮಾಡಿ
ನಾಲಗೆಯಲ್ಲಿ ಉಳಿದದ್ದು ಮೂರೇ ಪದ:
ಅನ್ನ, ಅಜ್ಜಿ, ಸಾಕು.
ಕಣ್ಣಿಗೆ ಪೊರೆ. ಪರದೆಯ ಅಡಿಯಲ್ಲಿ ಹರಿಯುವ ಇಂಗ್ಲಿಷು
ಅವರ ಪಾಲಿಗೆ ಇರುವೆ ಸಾಲು.
ಅದನ್ನು ಓದಿ ಹೇಳುವುದು ನನ್ನ ಕೆಲಸವಲ್ಲ.
ಹೇಳುತ್ತೇನೆ. ಮಾತ್ರೆ ನುಂಗಿಸಲು ಅದೊಂದೇ ದಾರಿ.

ಸಾಲು ಓಡಿಬಿಟ್ಟರೆ ಉಳಿದದ್ದನ್ನು ನಾನೇ ಕಟ್ಟುತ್ತೇನೆ.
ಬಾಣ ಉಗುಳುವ ಗೋಡೆ ಬಂದಾಗ ಒಮ್ಮೆ
"ಏಳು ಹೆಡೆ ಸರ್ಪ, ಕೊಪ್ಪರಿಗೆ ಸುತ್ತಿ ಕೂತಿದೆ" ಅಂದೆ.
"ಚೀನಾದಲ್ಲಿ ಅಂಥದ್ದಿದೆಯೇ?"
ಗಜೇಂದ್ರಗಡದಲ್ಲಿದೆ, ಎಂದೆ.
ನನ್ನ ಸೋದರಮಾವ ಅಮಾಸೆ ರಾತ್ರಿ
ವೀಳ್ಯದೆಲೆಗೆ ಅಂಜನ ಬಳಿಸಿ
ಕೋಟೆ ಗೋಡೆಯಡಿ ಹೊನ್ನು ಕಂಡವನು.
ಅಗೆದ. ಸಿಕ್ಕಿದ್ದು ಅಂಚೊಡೆದ ಒಂದು ಒರಳು,
ಆಮೇಲೆ ಆರು ತಿಂಗಳ ಜೈಲು.
ಆ ಒರಳಿನಲ್ಲೇ ಅತ್ತೆ ಅವನು ಬರುವತನಕ
ಕೆಂಪು ಚಟ್ನಿ ಕುಟ್ಟಿದಳು.
ಡೆಸ್ಮಂಡ್ ನಕ್ಕರು, ಕೆಮ್ಮಿದರು, ನೀರು ಕೇಳಿದರು.

ಇಪ್ಪತ್ತಮೂರನೇ ಕಂತಿನಲ್ಲಿ ಮುಚ್ಚಳ ಸರಿಯಿತು.
ರಾಣಿಯ ಬಾಯಲ್ಲಿ ಹಸಿರು ಕಲ್ಲು.
ಸಾಲಗಾರನ ಕೈ ಒಳಗಿಳಿಯಿತು.
"ನಿಲ್ಲಿಸು" ಎಂದರು.
ನಿಲ್ಲಿಸಿದೆ. ತುಟಿಗೆ ಒಂದು ಬೆರಳು ದೂರದಲ್ಲಿ
ಕೈ ಹಾಗೇ ನಿಂತಿತು.

"ನನ್ನ ಮುತ್ತಜ್ಜನೂ ಕೈ ಹಾಕುತ್ತಿದ್ದ."

ಚಿನ್ನ ಬತ್ತಿದ ಮೇಲೆ ಉಳಿದ ಕಸುಬಂತೆ ಅದು.
ವೈಟ್ ಹಿಲ್ಸ್ ಸ್ಮಶಾನದಲ್ಲಿ, ಹಾಡಹಗಲೇ,
ಸಂಘದವರ ದಿನಗೂಲಿಗೆ,
ಹೂತು ಏಳು ವರ್ಷ ದಾಟಿದವರನ್ನು ಮೇಲೆತ್ತಿ
ಮೂಳೆ ತೊಳೆದು, ಬಿಸಿಲಿಗೆ ಆರಹಾಕಿ,
ಪಾದದಿಂದ ನೆತ್ತಿಯವರೆಗೆ ಎಣಿಸಿ
ತಗಡಿನ ಪೆಟ್ಟಿಗೆಗೆ ಹೆಸರು ಬರೆದು ಹಡಗು ಹತ್ತಿಸುವುದು.
ಅಗೆಯಲು ಬಂದವರನ್ನೇ ಅಗೆದು
ಅವರವರ ಹಳ್ಳಿಗೆ.
ಬರುವಾಗ ಸಾಲದ ಟಿಕೆಟ್ಟು,
ಹೋಗುವಾಗ ಸಂಘದ ಖರ್ಚು.

ಗುಂಡಿಯಲ್ಲಿ ಇರುತ್ತಿದ್ದುದಾದರೂ ಏನು?
ಒಂದು ಬಟ್ಟಲು. ಅಂಗಿಯ ಗುಂಡಿ. ಯಾವನದೋ ಹೊಗೆಬತ್ತಿಯ ಕೊಳವೆ.
ಬಟ್ಟಲನ್ನು ತಿರುಗಿ ಮಣ್ಣಿಗೇ ಕೊಟ್ಟು
ಮನುಷ್ಯನನ್ನಷ್ಟೇ ಕದ್ದುಬಿಡುತ್ತಿದ್ದ.

"ಡ್ರಾಯರು ತೆಗೆ."
ಕಣ್ಣಿನ ಹನಿ, ಮುರಿದ ಬಾಚಣಿಗೆ,
ಕೆಮ್ಮಿನ ಗುಳಿಗೆಯ ಹಳೇ ಡಬ್ಬಿ.
ಹತ್ತಿಯ ನಡುವೆ, ಹುಣಸೆ ಬೀಜದಷ್ಟು,
ಮಣಿಕಟ್ಟಿನ ಒಂದು ಮೂಳೆ.
ಹಡಗು ಹೊರಟ ಮೂರನೇ ದಿನ
ಜರಡಿಯ ಮೂಲೆಯಲ್ಲಿ ಸಿಕ್ಕಿತಂತೆ.
ಆ ಸಲ ಹೋದವರು ಹದಿನಾಲ್ಕು ಜನ.
ಅವರಲ್ಲೊಬ್ಬ ಇನ್ನೂರ ಐದೇ ಮೂಳೆ ಹೊತ್ತು
ಊರು ಮುಟ್ಟಿದ್ದಾನೆ.
ಅಲ್ಲಿ ಅವನು ಅನ್ನದ ಬಟ್ಟಲೆತ್ತಿದಾಗಲೆಲ್ಲ
ಕೈ ಜಾರುತ್ತದೆ, ಎನ್ನುತ್ತಿದ್ದನಂತೆ ಮುತ್ತಜ್ಜ;
ಪ್ರತಿ ಏಪ್ರಿಲಿಗೆ ಡಬ್ಬಿಯ ಮುಂದೆ
ಒಂದು ಹಿಡಿ ಅನ್ನ ಇಡಲು ಹೇಳಿ ಸತ್ತನಂತೆ.

ನಮ್ಮಲ್ಲಿ ಕೂರಿಸಿ ಹೂಳುತ್ತಾರೆ,
ಎಡ ಅಂಗೈಯಲ್ಲಿ ಲಿಂಗವಿಟ್ಟು.
ಮಣಿಕಟ್ಟು ನೆಟ್ಟಗಿರಬೇಕು.
ಇದನ್ನು ಹೇಳಬೇಕೆನಿಸಿತು, ಇಂಗ್ಲಿಷಿನಲ್ಲಿ ಕೂಡಿಬರಲಿಲ್ಲ.
ಡಬ್ಬಿ ಮುಚ್ಚಿದೆ.

"ಮುಂದೆ?" ಎಂದರು.
ಗುಂಡಿ ಒತ್ತಿದೆ.
ಸಾಲಗಾರ ಹಿಂದೆ ಮುಂದೆ ನೋಡಿ
ಕಲ್ಲನ್ನು ಅಲ್ಲೇ ಬಿಟ್ಟ, ಎಂದೆ,
ರಾಣಿಯ ಬಾಯಿ ಮುಚ್ಚಿ, ಕೈ ಮುಗಿದು,
ಬರಿಗೈಯಲ್ಲಿ ಹಗ್ಗ ಹತ್ತಿದ.

ಡೆಸ್ಮಂಡ್ ಮಾತ್ರೆಗೆ ನಾಲಗೆ ಚಾಚಿದರು,
ನುಂಗಿದರು, ಬಾಯಿ ಒರೆಸಿಕೊಂಡರು.
"ಸುಳ್ಳು," ಎಂದರು,
"ಚೀಲಕ್ಕೆ ಹಾಕಿದ ಸದ್ದು ಕೇಳಿಸಿತು."